ತಲೆಯೇ ಸಿಗದ ಡೈನೋಸಾರ್

ಮೊಮ್ಮಕ್ಕಳನ್ನ ಕರ್ಕೊಂಡು ಹೈದರಾಬಾದಿಗೆ ಹೊರಟಿದ್ದೀರಂತೆ! ಚಾರ್‌ಮಿನಾರ್, ಸಾಲಾರ್‌ಜಂಗ್, ಬಿರ್ಲಾ ಮಂದಿರ ಎಲ್ಲ ನಾನು ಹೇಳಬೇಕಾ? ಹೋದವರು ಯಾರೂ ಬಿಡೋದಿಲ್ಲ. ಆದರೆ ಮಂದಿರದ ಮೆಟ್ಟಿಲು ಇಳಿದವರೇ ಸೀದಾ ಆಟೋ ಹತ್ತಬೇಡಿ ಅಕ್ಕಾ. ಪಕ್ಕದಲ್ಲೇ ಬಿರ್ಲಾ ತಾರಾಲಯ ಇದೆ, 1985ರಲ್ಲಿ ಎನ್.ಟಿ. ರಾಮರಾವ್ ಉದ್ಘಾಟನೆ ಮಾಡಿದ್ದು. ಅದರ ಜೊತೆಗೇ ವಿಜ್ಞಾನ ಮ್ಯೂಸಿಯಂ. ಅಲ್ಲಿನ ಡೈನೋಸಾರ್ ಮುಂದೆ ಜನ ಒಂದು ಸೆಲ್ಫಿ ತೆಗೆದು ದಾಟಿಬಿಡ್ತಾರೆ. ನನಗಂತೂ ಹೊಟ್ಟೆ ಚುರ್ ಅನ್ನುತ್ತೆ.

ಮಾಲುಗಳಲ್ಲಿ ಫೈಬರಿಂದು ನಿಲ್ಲಿಸಿರ್ತಾರಲ್ಲ, ಕತ್ತು ಅಲ್ಲಾಡಿಸಿ ಗುರ್ ಅನ್ನೋದು, ಆ ಜಾತಿಯಲ್ಲ ಇದು. ಕೋಟಾಸಾರಸ್ ಅಂತ ಹೆಸರು. ಮೈಯಲ್ಲಿರೋದು ಬಹುಪಾಲು ನಿಜವಾದ ಮೂಳೆ, ಕಲ್ಲಾಗಿ ಹೋದದ್ದು. ಸಿಕ್ಕಿದ್ದೂ ಅಮೆರಿಕದಲ್ಲಲ್ಲ, ಅದೇ ತೆಲಂಗಾಣದ ಯಾಮನ್‌ಪಲ್ಲಿ ಹಳ್ಳಿ ಹತ್ತಿರ. 1970ರ ದಶಕದ ಕೊನೇಲಿ ಅಗೆದು ತೆಗೆದರು, 1988ರಲ್ಲಿ ಪಿ. ಯಾದಗಿರಿ ಅನ್ನೋ ವಿಜ್ಞಾನಿ ಹೆಸರಿಟ್ಟರು. ವಯಸ್ಸು ಸುಮಾರು 18 ಕೋಟಿ ವರ್ಷ. ಇರಲಿ, ಅದೆಲ್ಲ ಬೋರ್ಡಿನಲ್ಲಿ ಓದ್ಕೋತೀರಿ.

ನಾನು ಹೇಳಬೇಕು ಅಂತಿದ್ದದ್ದು ಬೇರೆ. ನೋಡೋಕೆ ಒಂದೇ ಪ್ರಾಣಿ ಥರ ನಿಂತಿದೆಯಲ್ಲ, ಅದು ಒಂದಲ್ಲ! ಆ ಜಾಗದಲ್ಲಿ ಸಿಕ್ಕಿದ್ದು 840 ಮೂಳೆ ಭಾಗಗಳು, ಕನಿಷ್ಠ 12 ಪ್ರಾಣಿಗಳವು, ಎಲ್ಲ ಕಲಸುಮೇಲೋಗರ. ಹಿಂಡಿಗೆ ಹಿಂಡೇ ಪ್ರವಾಹಕ್ಕೆ ಸಿಕ್ಕಿರಬೇಕು ಅಂತ ಅಂದಾಜು. ಅದರ ತೊಡೆ, ಇದರ ಬೆನ್ನು, ಮತ್ತೊಂದರ ಬಾಲ ಅಂತ ಜೋಡಿಸಿ ನಿಲ್ಲಿಸಿದ್ದಾರೆ. ಯಾವ ಮೂಳೆ ಯಾರದೋ, ಅದರಲ್ಲಿ ತಾಯಿ ಯಾವುದೋ... ಎದುರಿಗೆ ನಿಂತಾಗ ನನಗೆ ಅದೇ ಯೋಚನೆ ಹತ್ತಿತ್ತು. ನಿಮಗೂ ಹತ್ತುತ್ತೆ, ನೋಡ್ತಿರಿ.

ಇನ್ನೊಂದು ವಿಚಿತ್ರ ಕೇಳಿ. ಅಷ್ಟು ಪ್ರಾಣಿಗಳಲ್ಲಿ ಒಂದಕ್ಕೂ ತಲೆ ಸಿಗಲಿಲ್ಲ. ಸಿಕ್ಕಿದ್ದು ಎರಡೇ ಎರಡು ಹಲ್ಲು! ಈ ಉದ್ದಕತ್ತಿನವುಗಳ ತಲೆಬುರುಡೆ ತೆಳು, ಕತ್ತಿಗೆ ಅಂಟಿಕೊಂಡಿರೋದೂ ಸಡಿಲವೇ. ಸತ್ತಮೇಲೆ ಮೊದಲು ಕಳಚೋದೇ ಅದು. ಹಾಗಾಗಿ ಅಲ್ಲಿ ಕಾಣೋ ತಲೆ ಬಂಧುಬಳಗದ ತಲೆಗಳನ್ನ ನೋಡಿ ಊಹಿಸಿದ್ದು. ಕೋಲ್ಕತ್ತದಲ್ಲಿರೋ ಬರಾಪಾಸಾರಸ್ ಕಥೆಯೂ ಇದೇ. ಸುಮಾರು 300 ಮೂಳೆ ಸಿಕ್ಕವು, ತಲೆ ಮಾತ್ರ ನಾಪತ್ತೆ. ಅದು ನಿಂತಿರೋದು ಎಲ್ಲಿ ಗೊತ್ತಾ? ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ! ಲೆಕ್ಕ ಹಾಕೋರ ಮನೆಯಲ್ಲಿ ಡೈನೋಸಾರಿಗೇನು ಕೆಲಸ ಅಂತೀರಾ? ಆ ಸಂಸ್ಥೆ ಕಟ್ಟಿದ ಮಹಾಲನೋಬಿಸ್‌ಗೆ ಎಲ್ಲದರಲ್ಲೂ ಆಸಕ್ತಿ. ಲಂಡನ್ನಿನಿಂದ ಪಮೇಲಾ ರಾಬಿನ್ಸನ್ ಅನ್ನೋರನ್ನ ಕರೆಸಿ ಪಳೆಯುಳಿಕೆ ವಿಭಾಗ ಶುರುಮಾಡಿಸಿದರು. ದೊಡ್ಡ ಮನಸ್ಸಿನೋರು, ಅಲ್ವಾ?

ಹೈದರಾಬಾದಿನಲ್ಲಿ ಡೈನೋಸಾರ್ ಮೊಟ್ಟೆನೂ ಇಟ್ಟಿದ್ದಾರೆ. ಮೊಟ್ಟೆ ಅಂದಾಗ ನನಗೆ ನಮ್ಮಜ್ಜಿಯ ಗುಂಡುಕಲ್ಲು ನೆನಪಾಗುತ್ತೆ. ಒರಳು ಯಾರಾದರೂ ಮುಟ್ಟಲಿ, ಆ ಗುಂಡುಕಲ್ಲನ್ನ ಮಾತ್ರ ತಾನೇ ತೊಳೆದು ತಾನೇ ಎತ್ತಿಡಬೇಕು. ಯಾಕೆ ಅಂತೀರಾ? ಗುಜರಾತಿನ ಬಾಲಾಸಿನೋರ್ ಹತ್ತಿರ ರೈಯೋಲಿ ಅಂತ ಹಳ್ಳಿ, ಅಲ್ಲೊಬ್ಬ ಅಜ್ಜಿ ಮಸಾಲೆ ಅರೆಯೋಕೆ ಒಂದು ಗುಂಡನೆ ಕಲ್ಲು ಇಟ್ಕೊಂಡಿದ್ದರಂತೆ. ಬಾಲಾಸಿನೋರ್ ರಾಜಮನೆತನದ ಆಲಿಯಾ ಬಾಬಿ ನೋಡಿದರೆ, ಅದು ಡೈನೋಸಾರ್ ಮೊಟ್ಟೆ! ಎಷ್ಟು ಬೆಳ್ಳುಳ್ಳಿ, ಎಷ್ಟು ಮೆಣಸಿನಕಾಯಿ ಅರೆದಿತ್ತೋ ಏನೋ. ನಮ್ಮಜ್ಜಿ ಇದ್ದಿದ್ದರೆ ‘ಗಟ್ಟಿಯಾಗಿತ್ತಲ್ಲ, ಅಷ್ಟು ಸಾಕು’ ಅಂತಿದ್ದರು.

ಅಡುಗೆಮನೆ ಮಾತು ಬಂತು, ಅನ್ನದ ಮಾತೂ ಹೇಳಿಬಿಡ್ತೀನಿ. ಮಹಾರಾಷ್ಟ್ರದ ಪಿಸ್ದೂರಾದಲ್ಲಿ ಡೈನೋಸಾರ್ ಲದ್ದಿ ಸಿಗುತ್ತೆ, ಅದೂ ಕಲ್ಲಾಗಿರೋದು. ಲಖನೌದ ವಂದನಾ ಪ್ರಸಾದ್ ಮತ್ತೆ ಅವರ ಜೊತೆಯವರು ಅದನ್ನ ಪರೀಕ್ಷೆ ಮಾಡಿ, ಒಳಗೆ ಹುಲ್ಲಿನ ಸೂಕ್ಷ್ಮ ಕಣಗಳಿವೆ ಅಂತ 2005ರಲ್ಲಿ ತೋರಿಸಿಕೊಟ್ಟರು. ಡೈನೋಸಾರುಗಳು ಹುಲ್ಲು ಮೇಯ್ತಿದ್ದವು ಅನ್ನೋಕೆ ಅಲ್ಲೀವರೆಗೆ ಸಾಕ್ಷಿಯೇ ಇರಲಿಲ್ಲ. ಅದರಲ್ಲೂ ಭತ್ತದ ವಂಶಕ್ಕೆ ಸೇರಿದ ಹುಲ್ಲು! ನಾವು ದಿನಾ ಊಟಕ್ಕೆ ಕೂತ್ಕೊಳ್ಳೋದು ಎಷ್ಟು ಹಳೇ ಪಂಕ್ತಿಯಲ್ಲಿ ನೋಡಿ.

‘ನಮ್ಮ ಕಡೆ ಡೈನೋಸಾರ್ ಯಾಕೆ ಸಿಗಲ್ಲ’ ಅಂತ ಮೊಮ್ಮಕ್ಕಳಲ್ಲಿ ಚಿಕ್ಕವಳು ಕೇಳೋದು ಖಂಡಿತ. ನಮ್ಮ ಬಹುಪಾಲು ಬಂಡೆಗಳು ಡೈನೋಸಾರಿಗಿಂತ ತೀರಾ ಹಿರಿಯವು ಅನ್ನಿ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಆಗ ಮೂಳೆ ಇರೋ ಜೀವಿನೇ ಹುಟ್ಟಿರಲಿಲ್ಲ. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳಿವೆ. ನೋಡೋಕೆ ಬರೀ ಗೆರೆಗೆರೆ ಕಲ್ಲು, ಮಕ್ಕಳಿಗೆ ಅದರಲ್ಲಿ ಬೆರಗು ಹುಟ್ಟಿಸೋಕೆ ಸ್ವಲ್ಪ ಕಷ್ಟವೇ.

ಮ್ಯೂಸಿಯಂನಲ್ಲಿ ಅವಸರ ಮಾಡಬೇಡಿ ಅಕ್ಕಾ. ಮೊದಲು ಕಾಲಿನ ಹತ್ತಿರ ನಿಂತು ತೊಡೆಮೂಳೆ ತೋರಿಸಿ, ಆಮೇಲೆ ಬೆನ್ನುಮೂಳೆ ಹಿಡಿದು ನಿಧಾನಕ್ಕೆ ಬಾಲದ ತನಕ ನಡೆಸ್ಕೊಂಡು ಬನ್ನಿ. ತಲೆ ಕೊನೆಗಿರಲಿ. ‘ನಿಜವಾದ ತಲೆ ಎಲ್ಲಿ ಹೋಯ್ತು ಅಜ್ಜಿ?’ ಅಂತ ಕೇಳಿದರೆ, ಆ ಕಾಲದ ಯಾವುದೋ ಹೊಳೆ ತಗೊಂಡು ಹೋಗಿರಬೇಕು ಅಂತ ಹೇಳಿ. ಇದ್ದದ್ದೂ ಹಾಗೇ ಇರಬಹುದು, ಅಲ್ವಾ?