ಡಿಸೈನ್ ಮಾತ್ರ ಫ್ರೀ

ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ ಕಡೆ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ‘ಫ್ಲೆಕ್ಸ್ ಹುಡುಗ’ ಎಂದರೆ ಸಾಕು, ಯಾರಾದರೂ ಮನೆ ತೋರಿಸುತ್ತಾರೆ. ಅವನ ವಾಟ್ಸಾಪಿನಲ್ಲಿ ಮಾತ್ರ ‘ಫ್ರೀಲ್ಯಾನ್ಸ್ ಗ್ರಾಫಿಕ್ ಡಿಸೈನರ್’ ಎಂದಿದೆ. ಆಫೀಸೆಂದರೆ ನಡುಮನೆಯ ಮೂಲೆ. ಒಂದು ಪಕ್ಕ ಭತ್ತದ ಮೂಟೆ, ಇನ್ನೊಂದು ಪಕ್ಕ ಕೋರೆಲ್ ಡ್ರಾ ತುಂಬಿಕೊಂಡು ಏದುಸಿರು ಬಿಡುವ ಕಂಪ್ಯೂಟರ್. ಕರೆಂಟು ಹೋಗಿ ಯುಪಿಎಸ್ ಕಿರುಚಿಕೊಂಡರೆ ಒಳಗಿಂದ ಅವನ ಅವ್ವನೂ ಶುರು: “ಮೊದ್ಲು ಅದರ ಬಾಯಿ ಮುಚ್ಚುಸ್ಲಾ!”

ಅವನ ಕಸುಬಿನ ಲೆಕ್ಕವೆಲ್ಲ ಚದರಡಿಯಲ್ಲಿ. ಹತ್ತಕ್ಕೆ ಎಂಟು ಅಡಿ ಎಂದರೆ ಎಂಬತ್ತು ಚದರಡಿ. ಅದರಲ್ಲಿ ಪ್ರಿಂಟ್ ಹಾಕುವವನಿಗೆ ಇಷ್ಟು, ಫ್ರೇಮ್ ಹೊಡೆಯುವವನಿಗೆ ಇಷ್ಟು, ಕಂಬ ಹತ್ತಿ ಕಟ್ಟುವವನಿಗೆ ಇಷ್ಟು. “ಡಿಸೈನಿಗೆ?” ಎಂದು ಇವನು ಗಂಟಲು ಸರಿಮಾಡಿಕೊಂಡರೆ ಗಿರಾಕಿಗೆ ನಿಜಕ್ಕೂ ಆಶ್ಚರ್ಯ. “ಅದುಕ್ಕೂ ಕಾಸಾ? ಕಂಪ್ಯೂಟರೇ ತಾನೆ ಮಾಡೋದು!”

ಯೂಟ್ಯೂಬ್ ನೋಡಿ ಕಲಿತವನಿಗೆ ಖಾಲಿ ಜಾಗದ ಮೇಲೆ ಬಲು ಮೋಹ. ಬಿಳಿ ಹಿನ್ನೆಲೆ, ಒಂದೇ ಫೋಟೊ, ಎರಡೇ ಸಾಲು. ಗಿರಾಕಿ ಅದನ್ನು ನೋಡಿ ಸಂಕಟಪಡುತ್ತಾನೆ: “ಕಾಸು ಕೊಟ್ಟಿರೋ ಜಾಗ ಯಾಕಪ್ಪ ಬೀಳು ಬುಟ್ಟಿದ್ದೀಯ? ಇನ್ನೂ ಹತ್ತು ತಲೆ ಹಿಡಿತವಲ್ಲ!” ಆ ಹತ್ತು ತಲೆಗೂ ಅಳತೆಯುಂಟು. ಶಾಸಕರದು ದೊಡ್ಡದು, ತಾಲ್ಲೂಕು ಪಂಚಾಯ್ತಿಯ ಮಾಜಿಯದು ಅದಕ್ಕಿಂತ ಒಂದು ಸುತ್ತು ಕಮ್ಮಿ, ಹುಡುಗರದು ಕೆಳಗಡೆ ಸಾಲಾಗಿ. ಒಂದು ತಲೆ ಅರ್ಧ ಇಂಚು ಜಾಸ್ತಿಯಾದರೂ ಊರಲ್ಲಿ ಎರಡು ಪಾರ್ಟಿ.

ತಲೆಗಳು ಬರುವುದೂ ರಾತ್ರಿ ಹತ್ತರ ಮೇಲೆ, ಯಾರದೋ ಮದುವೆಯ ಗ್ರೂಪ್ ಫೋಟೊದಲ್ಲಿ. “ಎಡಗಡೆಯಿಂದ ಮೂರ್ನೇದು ನಾನು, ಕೂಲಿಂಗ್ ಗ್ಲಾಸ್.” ಇವನು ಜೂಮ್ ಮಾಡಿ, ಕಿವಿಯ ಅಂಚು, ಕಾಲರಿನ ಮೂಲೆ ಬಿಡದೆ ಕತ್ತರಿಸುತ್ತಾನೆ. ಕೊನೆಗೆ ನೋಡಿದರೆ ಭುಜದ ಮೇಲೆ ಭಾವಮೈದನ ಕೈ ಉಳಿದಿರುತ್ತದೆ. ಅಳಿಸಿದರೆ ಭುಜವೂ ಹೋಗುತ್ತದೆ, ಬಿಟ್ಟರೆ ಐದು ಬೆರಳು ಯಾರವೆಂದು ಊರೇ ಕೇಳುತ್ತದೆ. ಉಪಾಯವಾಗಿ ಅದರ ಮೇಲೊಂದು ಹೂವಿನ ಹಾರ ಇಳಿಬಿಟ್ಟರೆ ಬೆಳಗ್ಗೆ ಫೋನು: “ಬದುಕಿರೋನ ಫೋಟೊಗೆ ಹಾರ ಹಾಕ್ಬುಟ್ಯಲ್ಲೋ!” ಹಾರ ಹೋಗಿ ಶಾಲು ಬರುತ್ತದೆ. ಇಷ್ಟಕ್ಕೂ ಹೆಸರು ‘ಒಸಿ ಚೇಂಜು’.

ಮಟನ್ ಸ್ಟಾಲಿನ ಯಜಮಾನನದು ಇನ್ನೊಂದು ಬಗೆ. ಇವನು ಇಂಟರ್ನೆಟ್ಟಿನಿಂದ ಒಂದು ಚೆಂದದ ಕುರಿ ಇಳಿಸಿ ‘ಇಲ್ಲಿ ಅಪ್ಪಟ ಬನ್ನೂರು ಕುರಿ ಮಾಂಸ ದೊರೆಯುತ್ತದೆ’ ಎಂದು ಬರೆದ. ಯಜಮಾನ ಕಣ್ಣು ಕಿರಿದು ಮಾಡಿ ನೋಡಿದ. “ಏನ್ಲಾ ಇದರ ಕಾಲು? ನಮ್ಮ ಕುರಿ ಕುಳ್ಳು, ಮೈ ತುಂಬ್ಕೊಂಡು ನೆಲಕ್ಕೆ ಹತ್ರ ಇರ್ತದೆ. ಇದ್ಯಾವ ದೇಶದ್ದು?” ಬನ್ನೂರು ಇರುವ ತಾಲ್ಲೂಕಿನಲ್ಲೇ ಹುಟ್ಟಿದವನು ಆಸ್ಟ್ರೇಲಿಯಾದ ಕುರಿ ತಂದರೆ ನಡೆಯುತ್ತದೆಯೇ? ಮಾರನೆಯ ದಿನ ಮೊಬೈಲು ಹಿಡಿದು ಕುರಿ ಹಿಂದೆ ಅಲೆದ. ಆ ಅಲೆದಾಟಕ್ಕೂ ಬಿಲ್ಲಿನಲ್ಲಿ ಕಲಮು ಇರಲಿಲ್ಲ.

ಹೆಣ್ಣಿನ ಕಡೆಯವರು ಸಂಪಾದನೆ ಎಷ್ಟೆಂದರೆ ಇವನು ತಿಂಗಳು ನೋಡಿ ಉತ್ತರ ಕೊಡುತ್ತಾನೆ. ಮುಡುಕುತೊರೆ ಜಾತ್ರೆ, ನಂಜನಗೂಡಿನ ದೊಡ್ಡ ತೇರು, ಲಗ್ನದ ಸೀಸನ್ನು ಬಂದರೆ ಊಟಕ್ಕೂ ಪುರುಸೊತ್ತಿಲ್ಲ. 2025ರ ಫೆಬ್ರುವರಿಯಲ್ಲಿ ಟಿ. ನರಸೀಪುರದ ಸಂಗಮದಲ್ಲಿ ಕುಂಭಮೇಳ ನಡೆದಾಗ ಭಕ್ತರಿಗೆ ಸ್ವಾಗತ ಕೋರುವವರೇ ಭಕ್ತರಷ್ಟಿದ್ದರು. ಆಷಾಢ ಬಂತೆಂದರೆ ಇಡೀ ದಿನ ಕೂತು ತನ್ನದೇ ಲೋಗೊ ತಿದ್ದುತ್ತಾನೆ. ರಾಜ್ಯದಲ್ಲಿ ಫ್ಲೆಕ್ಸಿಗೆ 2016ರಲ್ಲೇ ನಿಷೇಧ ಬಿದ್ದಿದೆ ಎಂದು ಯಾರಾದರೂ ಹೆದರಿಸಿದರೆ, ‘ಪ್ಲಾಸ್ಟಿಕ್ ಮುಕ್ತ ಗ್ರಾಮ’ ಎಂದು ತಾನೇ ಮಾಡಿಕೊಟ್ಟ ಫ್ಲೆಕ್ಸ್ ತೋರಿಸುತ್ತಾನೆ.

ಇದೇ ತಾಲ್ಲೂಕಿನ ಸೋಮನಾಥಪುರದ ಗುಡಿಯಲ್ಲಿ 13ನೇ ಶತಮಾನದ ಶಿಲ್ಪಿ ಮಲ್ಲಿತಮ್ಮ ತಾನು ಕಡೆದ ವಿಗ್ರಹಗಳ ಪೀಠದಲ್ಲಿ ಹೆಸರು ಕೊರೆದು ಹೋಗಿದ್ದಾನೆ. 2023ರಲ್ಲಿ ಆ ಗುಡಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಇವನಿಗೂ ಆಸೆ ಹುಟ್ಟಿತು. ಒಂದು ಬರ್ತ್‌ಡೇ ಫ್ಲೆಕ್ಸಿನ ಮೂಲೆಯಲ್ಲಿ, ಇರುವೆ ಗಾತ್ರದಲ್ಲಿ, ತನ್ನ ಹೆಸರು ಹಾಕಿದ. ಗಿರಾಕಿ ಅದನ್ನೂ ಕಂಡುಹಿಡಿದ: “ಇವನ್ಯಾರು? ನಮ್ ಹುಡುಗ್ರ ಲಿಸ್ಟಲ್ಲಿ ಇರ್ನಿಲ್ವಲ್ಲ?” ಚುನಾವಣೆ ಬಂದಾಗಲಾದರೂ ಗೌರವ ಸಿಕ್ಕೀತೆಂದರೆ, 1951ರ ಜನಪ್ರತಿನಿಧಿ ಕಾಯ್ದೆಗೆ ಬೇಕಾಗಿರುವುದು ಮುದ್ರಕ, ಪ್ರಕಾಶಕರ ಹೆಸರು, ವಿಳಾಸ. ಡಿಸೈನರ್ ಎಂಬ ಪ್ರಾಣಿ ಅದರ ಲೆಕ್ಕದಲ್ಲಿಲ್ಲ.

ಹಾಗಂತ ಇವನ ಕೆಲಸವನ್ನು ಮೆಚ್ಚಿದವರೇ ಇಲ್ಲವೆಂದಲ್ಲ. ಮೊನ್ನೆ ಮಳೆ ನಿಂತ ಮೇಲೆ ಗದ್ದೆ ಬಯಲಿನ ಅಜ್ಜ ಒಬ್ಬರು ಇವನನ್ನು ತಡೆದು ನಿಲ್ಲಿಸಿ, ತಮ್ಮ ಹುಲ್ಲಿನ ಮೆದೆಗೆ ಹೊದಿಸಿದ್ದ ಕಳೆದ ಚುನಾವಣೆಯ ಹತ್ತಡಿ ನಾಯಕರನ್ನು ತೋರಿಸಿ ಬೆನ್ನು ತಟ್ಟಿದರು: “ಭೋ ಪಸಂದಾಗಿ ಮಾಡಿದ್ದೀಯ ಕನಪ್ಪ. ಎರಡು ಮಳೆಗೂ ಒಂದು ತೊಟ್ಟು ಸೋರ್ನಿಲ್ಲ. ಈ ಸಲ ಇನ್ನೂ ಒಸಿ ಅಗಲುವಾಗಿ ಮಾಡು.”