ಆಷಾಢ ಕಳೆಯಲಿ, ನೋಡೋಣ

ಅನಂತಪುರ ಜಿಲ್ಲೆಯ ಬೆಳುಗುಪ್ಪ, ರಾಯದುರ್ಗ ಹಾಗೂ ದಕ್ಷಿಣಕ್ಕೆ ಮಡಕಶಿರಾದವರೆಗಿನ ಸೀಮೆಯಲ್ಲಿ, ಅಂದರೆ ಕಚೇರಿಯ ಮಾತು ತೆಲುಗಾಗಿದ್ದು ಅನೇಕರ ಮನೆಮಾತು ಕನ್ನಡವಾಗಿರುವ ಗಡಿನಾಡಿನಲ್ಲಿ, ಬಸ್ ನಿಲ್ದಾಣದಿಂದ ಕೂಗಳತೆಯೊಳಗೆ ‘ಕಂಪ್ಯೂಟರ್, ಡಿ.ಟಿ.ಪಿ., ಜೆರಾಕ್ಸ್’ ಎಂದು ಎರಡು ಲಿಪಿಗಳಲ್ಲಿ ಬರೆಸಿದ ಫಲಕದ ಅಡಿಯಲ್ಲಿ ಕಾಣಸಿಗುವ ವ್ಯಕ್ತಿಯೇ ಪ್ರಸ್ತುತ ಅಧ್ಯಯನದ ವಸ್ತು. ಡಿ.ಟಿ.ಪಿ. ಎಂದರೆ ಸೀಸದ ಮೊಳೆ ಜೋಡಿಸುವ ಬದಲು ಗಣಕದ ಪರದೆಯ ಮೇಲೆ ಪುಟ ಕಟ್ಟುವ ಕಸುಬು. ಈ ಕಸುಬಿನವರನ್ನು ಊರಿನವರು ಸಾಮಾನ್ಯವಾಗಿ ‘ಡಿ.ಟಿ.ಪಿ. ಅಣ್ಣ’ ಎಂದು ಕರೆಯುವುದರಿಂದ ಇಲ್ಲಿಯೂ ಅದೇ ಹೆಸರನ್ನು ಉಳಿಸಿಕೊಳ್ಳಲಾಗಿದೆ.

ಡಿ.ಟಿ.ಪಿ. ಅಣ್ಣನವರ ಮುಖ್ಯ ಲಕ್ಷಣವೆಂದರೆ ಅವರ ಪರದೆಯ ಮೇಲೆ ನಿತ್ಯವೂ ಮೂಡುವ ಒಂದು ನೀಲಿ ಚೌಕ. ಹೊಸ ಆಪರೇಟಿಂಗ್ ಸಿಸ್ಟಂಗೆ, ಅಂದರೆ ಕೀಲಿಮಣೆ, ಪರದೆ, ಪ್ರಿಂಟರುಗಳನ್ನೆಲ್ಲ ಹಿಡಿತದಲ್ಲಿಟ್ಟುಕೊಂಡು ಉಳಿದ ತಂತ್ರಾಂಶಗಳಿಗೆ ಕೆಲಸ ಹಂಚುವ ಮೂಲ ತಂತ್ರಾಂಶಕ್ಕೆ, ಬದಲಾಗುವ ಕಾಲ ಬಂದಿದೆ ಎಂದು ಆ ಚೌಕ ವಿನಯದಿಂದ ತಿಳಿಸುತ್ತದೆ. ಅಣ್ಣನವರು ಅಷ್ಟೇ ವಿನಯದಿಂದ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತ, ‘ನಂತರ ನೆನಪಿಸು’ ಎಂಬ ಗುಂಡಿಯನ್ನು ಒತ್ತುತ್ತಾರೆ. ಈ ಒತ್ತುವಿಕೆ ಎಷ್ಟು ರೂಢಿಯಾಗಿದೆಯೆಂದರೆ, ಜಾತಿ ಪ್ರಮಾಣಪತ್ರದ ಅರ್ಜಿ ತುಂಬಿಸಲು ಬಂದವರ ಜೊತೆಗಿನ ಮಾತು ನಡುವೆ ಎಲ್ಲಿಯೂ ಕಡಿಯುವುದಿಲ್ಲ.

ನಿರ್ಧಾರವನ್ನು ಮುಂದೂಡಲು ಅವರು ಪಂಚಾಂಗವನ್ನು ಬಳಸಿಕೊಳ್ಳುವ ಕ್ರಮ ವಿಶೇಷ ಗಮನಕ್ಕೆ ಅರ್ಹವಾದದ್ದು. ಮಾಘದಿಂದ ವೈಶಾಖದವರೆಗೆ ಲಗ್ನಗಳ ಕಾಲವಾದ್ದರಿಂದ, ನಡುವೆ ಶಾಲೆಗಳ ಪ್ರಶ್ನೆಪತ್ರಿಕೆಗಳೂ ಊರ ಜಾತ್ರೆಯ ಕರಪತ್ರಗಳೂ ಸೇರಿಕೊಳ್ಳುವುದರಿಂದ, ಆಗ ಯಂತ್ರವನ್ನು ಮುಟ್ಟುವಂತಿಲ್ಲ. ಜ್ಯೇಷ್ಠದಲ್ಲಿ ಶಾಲೆ ಕಾಲೇಜುಗಳ ಅರ್ಜಿ. ‘ಆಷಾಢದಲ್ಲಿ ಮದುವೆ ಇರಲ್ಲ, ಆವಾಗ ಮಾಡಿಬಿಡಾಣ’ ಎಂದು ಅವರು ವರ್ಷವಿಡೀ ಹೇಳುತ್ತಾರಾದರೂ, ಆಷಾಢ ಬಂದೊಡನೆ ಆ ಮಾಸದಲ್ಲಿ ಹೊಸ ಕೆಲಸ ಆರಂಭಿಸಬಾರದೆಂಬ ಶಾಸ್ತ್ರ ನೆನಪಾಗಿ, ‘ಆಷಾಢ ಕಳೆಯಲಿ, ನೋಡೋಣ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಶ್ರಾವಣದಲ್ಲಿ ಗೃಹಪ್ರವೇಶದ ಪತ್ರಿಕೆಗಳು, ಭಾದ್ರಪದದಲ್ಲಿ ಗಣೇಶನ ಚಂದಾ ರಸೀದಿ ಪುಸ್ತಕಗಳು, ಬೆನ್ನಿಗೇ ಪಿತೃಪಕ್ಷ. ಆಯುಧಪೂಜೆಯಂದು ಸಿ.ಪಿ.ಯು. ಪೆಟ್ಟಿಗೆಗೆ ವಿಭೂತಿ ಕುಂಕುಮ ಹಚ್ಚಿ, ಎದುರಿಗೆ ನಿಂಬೆಹಣ್ಣು ಇಟ್ಟ ಮೇಲೆ, ಪೂಜೆಗೊಂಡ ಯಂತ್ರದ ಹೊಟ್ಟೆಯನ್ನು ಮರುವಾರವೇ ಬಗೆಯುವುದು ಸಲ್ಲದು. ಕಾರ್ತಿಕದಲ್ಲಿ ಮತ್ತೆ ಲಗ್ನ. ಆಮೇಲೆ ಶೂನ್ಯಮಾಸ. ಹೀಗೆ ಹನ್ನೆರಡು ಮಾಸಗಳಲ್ಲಿ ಒಂದೂ ತೆರವಿಲ್ಲ. ಅಧಿಕ ಮಾಸ ಬಂದರೆ ಅದಂತೂ ಮೊದಲೇ ವರ್ಜ್ಯ.

ಇಷ್ಟಾದರೂ ಅವರ ಅಂಗಡಿಯಲ್ಲಿ ಬದಲಾವಣೆಯೇ ಆಗಿಲ್ಲವೆಂದು ತಿಳಿಯುವುದು ತಪ್ಪು. 2001ರ ವಿಂಡೋಸ್ ಎಕ್ಸ್‌ಪಿಯ ಮೇಲೆ ಕಸುಬು ಕಲಿತ ಇವರು, ಮೈಕ್ರೋಸಾಫ್ಟ್ ಸಂಸ್ಥೆಯು 2014ರ ಏಪ್ರಿಲ್ 8ರಂದು ಅದರ ಬೆಂಬಲವನ್ನು ಕೊನೆಗೊಳಿಸಿದಾಗ, ಎಂದರೆ ದೋಷ ತಿದ್ದುವ ತೇಪೆಗಳನ್ನು ಕಳಿಸುವುದನ್ನು ನಿಲ್ಲಿಸಿದಾಗ, ಅತ್ತ ಗಮನವನ್ನೇ ಕೊಡಲಿಲ್ಲ. ಆ ಬೇಸಗೆಯಲ್ಲಿ ಆಂಧ್ರಪ್ರದೇಶವೇ ಇಬ್ಭಾಗವಾಗುತ್ತಿತ್ತು. ಅವರು ವಿಂಡೋಸ್ 7ಕ್ಕೆ ಬಂದದ್ದು ಹಾರ್ಡ್‌ಡಿಸ್ಕ್ ಸುಟ್ಟದ್ದರಿಂದ. ವಿಂಡೋಸ್ 10ಕ್ಕೆ ಬಂದದ್ದು ರಿಪೇರಿಗೆ ಬಂದ ಹುಡುಗ ಕೇಳದೆಯೇ ಅದನ್ನು ಹಾಕಿಹೋದದ್ದರಿಂದ. ನಿರ್ಧಾರವೆಂಬುದು ಎಲ್ಲಿಯೂ ಇರಲಿಲ್ಲ. ಈ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲೂಕು 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿ, ಅನಂತಪುರ ಜಿಲ್ಲೆಯ ಪಾಲಾಯಿತು. ಮಡಕಶಿರಾ 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಇದ್ದಲ್ಲೇ ಇದ್ದು ಮೇಲಿನ ವ್ಯವಸ್ಥೆ ಬದಲಾಗುವುದನ್ನು ಮೂರು ತಲೆಮಾರು ಕಂಡ ಮನೆತನದವರಿಗೆ, ‘ಬದಲಾಗಲು ಒಪ್ಪಿಗೆಯೇ?’ ಎಂದು ಯಂತ್ರವೊಂದು ಕೇಳುವುದೇ ಅನುಮಾನಕ್ಕೆ ಎಡೆಮಾಡುತ್ತದೆ.

ಅಣ್ಣನವರ ಅಂಜಿಕೆಗೆ ಇರುವ ನಿಜವಾದ ಕಾರಣ ಪಂಚಾಂಗದಲ್ಲಿಲ್ಲ, ಅದು ಅವರ ‘ಮ್ಯಾರೇಜ್ ಕಾರ್ಡ್ಸ್’ ಎಂಬ ಫೋಲ್ಡರಿನಲ್ಲಿದೆ. ವರನ ಕಡೆಯವರಿಗೆ ಕನ್ನಡ, ವಧುವಿನ ಕಡೆಯವರಿಗೆ ತೆಲುಗು ಎಂದು ಒಂದೇ ಹಾಳೆಯ ಎಡಕ್ಕೂ ಬಲಕ್ಕೂ ಎರಡು ಲಿಪಿಗಳಲ್ಲಿ ಕಟ್ಟಿದ ಪತ್ರಿಕೆಗಳು ಅಲ್ಲಿವೆ. ಹೊಸ ಪತ್ರಿಕೆಯನ್ನು ಹೊಸದಾಗಿ ಮಾಡುವ ಪದ್ಧತಿ ಈ ಕಸುಬಿನಲ್ಲಿ ಇಲ್ಲ. ಹಳೆಯ ಮದುವೆಯೊಂದನ್ನು ತೆರೆದು, ಬೇರೆ ಹೆಸರಿನಲ್ಲಿ ಉಳಿಸಿ, ‘ಚಿ॥ ರಾ॥’ ಮುಂದಿನ ಹೆಸರನ್ನೂ ‘ಚಿ॥ ಸೌ॥’ ಮುಂದಿನ ಹೆಸರನ್ನೂ ಅಳಿಸಿ ಬರೆದು, ಕುಲದೇವರನ್ನು ಬದಲಿಸಿ, ಮುಹೂರ್ತ ತಿದ್ದಿದರೆ ಹೊಸ ಸಂಸಾರ ಸಿದ್ಧ. ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಮಾತ್ರ ಯಾರೂ ಮುಟ್ಟದೆ ಮದುವೆಯಿಂದ ಮದುವೆಗೆ ಸಾಗಿಬರುತ್ತದೆ, ಉಡುಗೊರೆಗೆ ಆಸೆಪಟ್ಟ ಬೀಗರ ಪತ್ರಿಕೆಯಲ್ಲಿಯೂ.

ಈ ಕಡತಗಳೆಲ್ಲ ಪೇಜ್‌ಮೇಕರಿನಲ್ಲಿವೆ. ಆಲ್ಡಸ್ ಕಂಪನಿ 1985ರಲ್ಲಿ ಹೊರತಂದು, 1994ರಲ್ಲಿ ಅಡೋಬಿಯ ಕೈಸೇರಿದ ಈ ಪುಟ ಕಟ್ಟುವ ತಂತ್ರಾಂಶದ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಕನ್ನಡಕ್ಕೆ ‘ನುಡಿ’, ತೆಲುಗಿಗೆ ‘ಅನು’ ಅಕ್ಷರಗಳು. ಇವು ಹಳೆಯ ಆನ್ಸಿ ಪದ್ಧತಿಯವು, ಅಂದರೆ ಇಂಗ್ಲಿಷಿಗೂ ಯುರೋಪಿನ ಇತರ ಭಾಷೆಗಳಿಗೂ ಮೀಸಲಾದ 256 ಸ್ಥಾನಗಳಲ್ಲಿ ನಮ್ಮ ಗುಡಿಸು, ಕೊಂಬು, ಒತ್ತುಗಳನ್ನು ತುಂಡುತುಂಡಾಗಿ ಕೂರಿಸಿ, ಗಣಕವನ್ನು ನಂಬಿಸಿ ಕೆಲಸ ತೆಗೆಯುವಂಥವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಶ್ರೀ ವೀರಭದ್ರೇಶ್ವರ ಪ್ರಸನ್ನನಾಗುವ ಬದಲು, ತಲೆಯ ಮೇಲೆ ಚುಕ್ಕಿ ಕೊಕ್ಕೆಗಳನ್ನು ಹೊತ್ತ ಫ್ರೆಂಚ್ ಅಕ್ಷರಗಳು ಪ್ರಸನ್ನವಾಗುತ್ತವೆ. ಜಗತ್ತಿನ ಪ್ರತಿ ಲಿಪಿಗೂ ಅದರದೇ ಸ್ಥಾನ ಕೊಡುವ ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಜಾಗ ನೀಡಿತ್ತು. ವಿಂಡೋಸ್ ಎಕ್ಸ್‌ಪಿಯು ಕನ್ನಡಕ್ಕೆ ‘ತುಂಗಾ’, ತೆಲುಗಿಗೆ ‘ಗೌತಮಿ’ ಎಂದು ನದಿಗಳ ಹೆಸರಿನ ಫಾಂಟುಗಳನ್ನೂ ಹೊತ್ತು ತಂದಿತ್ತು. ಯೂನಿಕೋಡ್ ಬಲ್ಲ ಎಕ್ಸ್‌ಪಿ, ಅದರ ಗಂಧಗಾಳಿಯಿಲ್ಲದ ಪೇಜ್‌ಮೇಕರ್ 7.0, ಎರಡೂ ಒಂದೇ ವರ್ಷದ ಕೂಸುಗಳು. ಅಣ್ಣನವರು ಎರಡನೆಯದರ ಕೈಹಿಡಿದರು. ಆಗ ಪ್ರೆಸ್ಸಿನವರೆಲ್ಲರೂ ಅದನ್ನೇ ಕೇಳುತ್ತಿದ್ದುದರಿಂದ ಇದನ್ನು ಅವಿವೇಕವೆನ್ನಲಾಗದು.

ಈಗಿನ ಇಕ್ಕಟ್ಟು ಮಾತ್ರ ಹಿಂದಿನವುಗಳಂತಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಟಿ.ಪಿ.ಎಂ. 2.0, ಅಂದರೆ ಗುಪ್ತಕೀಲಿಗಳನ್ನು ಜೋಪಾನ ಮಾಡುವ ಭದ್ರತಾ ವ್ಯವಸ್ಥೆಯೂ, ಇಂಟೆಲ್‌ನದಾದರೆ ಬಹುಮಟ್ಟಿಗೆ 8ನೇ ಪೀಳಿಗೆಯ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರೂ ಇರಬೇಕು. ಅಣ್ಣನವರ ಯಂತ್ರ ಆ ಪಂಕ್ತಿಗೆ ಸೇರಿದ್ದಲ್ಲ. ಹೀಗಾಗಿ ಸುಟ್ಟ ಹಾರ್ಡ್‌ಡಿಸ್ಕಾಗಲಿ ಕೇಳದೆ ಹಾಕುವ ಹುಡುಗನಾಗಲಿ ಅವರನ್ನು ಈ ಸಲ ದಾಟಿಸಲಾರರು. ಹೊಸ ಯಂತ್ರಕ್ಕೆ ದುಡ್ಡು ಎಣಿಸಿ ತಾವೇ ನಿರ್ಧರಿಸಬೇಕು.

ಇಂಥ ಅಂಗಡಿಗೆ ಎಂಜಿನಿಯರಿಂಗ್ ಓದುವ ಅಕ್ಕನ ಮಗನೊಬ್ಬ ರಜೆಗೆ ಬರುವುದು ಪ್ರಕೃತಿನಿಯಮ. ‘ಮಾವಾ, ಲಿನಕ್ಸ್ ಹಾಕ್ತೀನಿ, ಕಾಸು ಕೊಡೋ ಹಂಗಿಲ್ಲ’ ಎನ್ನುತ್ತಾನೆ. ‘ಅದ್ರಾಗೆ ಪೇಜ್‌ಮೇಕರ್ ಓಡ್ತದೇನಪ್ಪಾ?’ ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರ ಉದ್ದವಾಗಿರುತ್ತದೆ. ಉದ್ದನೆಯ ಉತ್ತರವೆಂದರೆ ಇಲ್ಲವೆಂದೇ ಅರ್ಥವೆಂಬುದನ್ನು ಮಂಡಲ ಕಚೇರಿಯ ಒಡನಾಟದಿಂದ ಕಲಿತಿರುವ ಅಣ್ಣನವರು, ಅವನಿಗೊಂದು ಚಹಾ ತರಿಸಿ ವಿಷಯ ಬದಲಿಸುತ್ತಾರೆ. ಇಷ್ಟರಲ್ಲಿ ವಿಂಡೋಸ್ 10ಕ್ಕೆ ಭದ್ರತಾ ತೇಪೆಗಳನ್ನು 2026ರ ಅಕ್ಟೋಬರ್‌ವರೆಗೆ ಪಡೆಯುವ ಸೌಲಭ್ಯವಿದೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಅವರ ಮುಖದಲ್ಲಿ ಮೂಡಿದ ಶಾಂತಿ, ಸಾಲದ ವಾಯಿದೆ ಮುಂದಕ್ಕೆ ಹೋದ ಶೇಂಗಾ ಬೆಳೆಗಾರನ ಮುಖದ್ದೇ ಆಗಿತ್ತು. ‘ಇನ್ನೂ ಒಂದು ಆಷಾಢ ಸಿಕ್ತು’ ಎಂದರಂತೆ.

ಅಂಜಿಕೆ ಸಕಾರಣ, ಉಪಾಯ ಮಾತ್ರ ತಪ್ಪು ಎಂಬುದು ಈ ವ್ಯಕ್ತಿಯ ಬಗ್ಗೆ ಕೊಡಬಹುದಾದ ನ್ಯಾಯವಾದ ತೀರ್ಪು. ಹಳೆಯ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ ಮದುವೆ ಪತ್ರಿಕೆಗಳಿಗಷ್ಟೇ ಇಟ್ಟುಕೊಂಡು, ಗಿರಾಕಿಗಳ ಆಧಾರ್ ಸಂಖ್ಯೆಯೂ ಬ್ಯಾಂಕ್ ಖಾತೆಯೂ ಹಾದುಹೋಗುವ ಆನ್‌ಲೈನ್ ಕೆಲಸವನ್ನು ಹೊಸ ಯಂತ್ರಕ್ಕೆ ಒಪ್ಪಿಸಿ, ಬಿಡುವಾದಾಗ ಒಂದೊಂದೇ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುತ್ತ ಬಂದರೆ ಯಾವ ಮಾಸಕ್ಕೂ ಭಂಗವಿಲ್ಲ. ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ. ಅರ್ಕಾವೊತ್ತು ಅಲ್ಲಲ್ಲಿ ಸ್ಥಾನಪಲ್ಲಟವಾಗಬಹುದು, ಕೈಯಿಂದ ತಿದ್ದಬೇಕು. ಅಲ್ಲಿಯವರೆಗೆ ಈ ಸೀಮೆಯಲ್ಲಿ ಲಗ್ನಪತ್ರಿಕೆ ಮಾಡಿಸುವವರು ಪ್ರೂಫನ್ನು ತಾವೇ ಕೂತು ಓದಿಕೊಳ್ಳುವುದು ಕ್ಷೇಮ. ಹಿಂದಿನ ಮದುವೆಯ ಸೋದರಮಾವ ಎಲ್ಲಿಯಾದರೂ ಉಳಿದುಕೊಂಡಿದ್ದಾನೆಯೇ ಎಂದು ನೋಡಬೇಕು, ಮಡಕಶಿರಾ ಕಡೆಯವರಾದರೆ ಜಿಲ್ಲೆಯ ಹೆಸರನ್ನೂ ಮರೆಯದೆ ನೋಡಬೇಕು. ಅಣ್ಣನವರ ಕಡತದಲ್ಲಿ ಅದು ಇನ್ನೂ ಅನಂತಪುರವೇ ಆಗಿದೆ.