ತೊಡೆ ಬಿಟ್ಟು ಇಳಿಯದ ಬೆಕ್ಕು

ನಮ್ಮ ಕಡೆ ಗೋವಿನಜೋಳದ ರಾಶಿ ಮನೆಗೆ ಬಂತೆಂದರೆ ಬೆನ್ನಿಗೇ ಇಲಿಯೂ ಬರುತ್ತದೆ. ಹಾನಗಲ್ಲಿನ ಭತ್ತದ ಚೀಲವಿರಲಿ, ಹಿರೇಕೆರೂರಿನ ಜೋಳವಿರಲಿ, ಸವಣೂರು ಶಿಗ್ಗಾಂವಿಯ ಶೇಂಗಾ ಇರಲಿ, ಕಾಯಲು ಬೆಕ್ಕು ಬೇಕೇ ಬೇಕು. ಆದರೆ ಆಕಳು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರಿಗೆ ಫೋನು ಹೋಗುತ್ತದೆ, ಬೆಕ್ಕು ಎರಡು ದಿನ ಉಣ್ಣದಿದ್ದರೆ ‘ತಾನ ಆರಾಮ ಆಕ್ಕೈತಿ ಬಿಡ್ರಿ’ ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊನ್ನೆ ಬೇಲಿಯಾಚೆಯಿಂದ ಪಕ್ಕದ ಮನೆಯ ಅಕ್ಕಾರು ಸಂತೋಷದಿಂದಲೇ ಹೇಳಿದರು: “ನಮ್ಮ ಬೆಕ್ಕು ಈಗೀಗ ಭಾಳ ಜೀವಾ ಮಾಡಾಕತ್ತೈತಿ ನೋಡ್ರಿ. ತೊಡಿ ಬಿಟ್ಟು ಇಳಿಯಂಗಿಲ್ಲ, ಸುಮ್ನ ಗುರುಗುರು ಅಂತೈತಿ.”

“ಹಾಲು ಕುಡಿತೈತೇನ್ರಿ?”

“ನಿನ್ನಿಯಿಂದ ಮೂಸಿ ನೋಡಿ ಬಿಡಾಕತ್ತೈತಿ.”

ಅಲ್ಲಿಗೆ ನನಗೆ ಅನುಮಾನ ಬಂತು. ಬೆಕ್ಕು ಖುಷಿಯಾದಾಗ ಗುರುಗುಡುತ್ತದೆ, ನಿಜ. ನೋವಾದಾಗ, ಹೆದರಿದಾಗ, ಮರಿ ಹಾಕುವಾಗಲೂ ಗುರುಗುಡುತ್ತದೆ. ಸದ್ದು ಒಂದೇ, ಅದರಿಂದ ಏನೂ ತಿಳಿಯುವುದಿಲ್ಲ. ಸದ್ದಿನ ಜೊತೆಗೆ ಉಳಿದದ್ದನ್ನು ನೋಡಬೇಕು. ಪ್ರೀತಿಯಿಂದ ಬಂದ ಬೆಕ್ಕು ಬಾಲ ನೆಟ್ಟಗೆ ಎತ್ತಿಕೊಂಡು ಬರುತ್ತದೆ. ಗಲ್ಲವನ್ನು ನಿಮ್ಮ ಕಾಲಿಗೆ ಉಜ್ಜುತ್ತದೆ. ಗಲ್ಲದಲ್ಲಿರುವ ಗ್ರಂಥಿಗಳ ವಾಸನೆ ಹಚ್ಚಿ ‘ಇವರು ನಮ್ಮವರು’ ಎಂದು ಗುರುತು ಮಾಡಿಕೊಳ್ಳುತ್ತದೆ. ನಿಮ್ಮನ್ನೇ ನೋಡುತ್ತ ಮೆಲ್ಲಗೆ ಕಣ್ಣು ಮುಚ್ಚಿ ತೆರೆಯುತ್ತದೆ. ರೊಟ್ಟಿ ಹಿಟ್ಟು ನಾದಿದ ಹಾಗೆ ಮುಂಗಾಲಿನಿಂದ ನಿಮ್ಮ ಸೀರೆಯನ್ನು ನಾದುತ್ತದೆ. ಅದು ಮರಿಯಿದ್ದಾಗ ತಾಯಿಯ ಮೊಲೆ ಒತ್ತಿ ಹಾಲು ಕುಡಿದ ಅಭ್ಯಾಸ. ಇಷ್ಟೆಲ್ಲ ಮಾಡಿ, ಉಂಡು, ಮೈ ನೆಕ್ಕಿಕೊಂಡು ಮತ್ತೆ ಇಲಿ ಹುಡುಕಿಕೊಂಡು ಹೋದರೆ ಅದಕ್ಕೇನೂ ಆಗಿಲ್ಲ.

ಜಡ್ಡಾದ ಬೆಕ್ಕು ಹೇಳಿಕೊಳ್ಳುವುದೇ ಇಲ್ಲ. ಅದು ಬೇಟೆಗಾರ ಹೌದು, ಆದರೆ ನಾಯಿಗೆ ತಾನೇ ಬೇಟೆ. ಸೋತದ್ದು ತೋರಿಸಿದರೆ ಉಳಿಗಾಲವಿಲ್ಲ. ಅದಕ್ಕೇ ಅಟ್ಟದ ಮೂಲೆಗೋ ಮಂಚದ ಕೆಳಗೋ ಹೋಗಿ ಕೂತುಬಿಡುತ್ತದೆ, ಇಲ್ಲವೇ ಅಕ್ಕಾರ ಬೆಕ್ಕಿನ ಹಾಗೆ ತೊಡೆಗೇ ಅಂಟಿಕೊಳ್ಳುತ್ತದೆ. ಕೂದಲು ಕೆಡುತ್ತದೆ: ನೆಕ್ಕಿಕೊಳ್ಳುವುದು ನಿಂತು ಬೆನ್ನಿನ ಮೇಲೆಲ್ಲ ಜಡೆಗಟ್ಟುತ್ತದೆ. ಕಣ್ಣಿನ ಒಳಮೂಲೆಯಿಂದ ಬಿಳಿ ಪರೆ ಅರ್ಧ ಮುಚ್ಚಿರುತ್ತದೆ. ಮೈ ಬಿಸಿ ಅಂದಮಾತ್ರಕ್ಕೆ ಜ್ವರ ಅಲ್ಲ, ಬೆಕ್ಕಿನ ಮೈ ಸಹಜವಾಗಿಯೇ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಎರಡು ಮೂರು ದಿನ ಪೂರಾ ಉಪವಾಸ ಬಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಯಕೃತ್ತಿಗೆ ಕೊಬ್ಬು ತುಂಬಿ ಕಾಮಾಲೆಯಾಗುತ್ತದೆ. ತಾನಾಗಿ ಆರಾಮ ಆಗುತ್ತದೆಂದು ಕಾಯುವ ಜಡ್ಡು ಅದಲ್ಲ.

“ಬಾಲದ ಬುಡಕ್ಕ ಕೈಯಾಡಿಸಿ ನೋಡ್ರಿ ಅಕ್ಕಾರ,” ಅಂದೆ. ಅಕ್ಕಾರು ಕೂದಲು ಸರಿಸಿ ಮುಟ್ಟಿದರು. “ಉಬ್ಬೈತ್ರಿ, ಸುಡತೈತಿ. ಮುಟ್ಟಗೊಡವಲ್ದು.” ಬೇರೆ ಬೆಕ್ಕಿನ ಕೂಡ ಕಚ್ಚಾಡಿದ್ದರ ಗುರುತು. ಹಲ್ಲಿನ ತೂತು ಸಣ್ಣದು, ಮೇಲೆ ಬೇಗ ಮಾಯುತ್ತದೆ, ಒಳಗೆ ಕೀವು ಕಟ್ಟುತ್ತದೆ. ಬುಟ್ಟಿಯಲ್ಲಿಟ್ಟು ಮೇಲೆ ಚೀಲ ಕಟ್ಟಿ ತಾಲೂಕಿನ ಪಶು ಆಸ್ಪತ್ರೆಗೆ ಒಯ್ದರು. ಕೀವು ತೆಗೆದು ಇಂಜೆಕ್ಷನ್ ಮಾಡಿದರು. ಮರುದಿನ ಸಂಜೆಗೆ ಬೆಕ್ಕು ಹಾಲಿನ ಬಟ್ಟಲು ನೆಕ್ಕಿತು.

ಮನೆಮದ್ದಿನ ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನಮಗೆ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಗುಳಿಗೆ ಕೊಲ್ಲಬಹುದು. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧವೂ ಹಾಗೆಯೇ. ರಾಶಿಯ ಮನೆಯಲ್ಲಿ ಇಲಿಪಾಷಾಣ ಇಟ್ಟಿದ್ದರೆ ಸತ್ತ ಇಲಿಯನ್ನು ಹುಡುಕಿ ಹುಗಿಯಿರಿ. ಬೆಕ್ಕು ಜೊಲ್ಲು ಸುರಿಸುತ್ತ ವಾಂತಿ ಮಾಡಿದರೆ ಯಾವ ವಿಷ ಇಟ್ಟಿದ್ದಿರಿ ಎಂಬುದನ್ನು ಡಾಕ್ಟರಿಗೆ ಹೇಳಿ, ಪೊಟ್ಟಣವನ್ನೂ ಒಯ್ಯಿರಿ. ಸಾದಾ ಇದ್ದ ಬೆಕ್ಕು ಒಮ್ಮೆಲೇ ಮೈಮೇಲೆ ಬಂದು ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ನೀರಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ.

ಇನ್ನೊಂದು ಜಡ್ಡನ್ನು ಜನ ಮಲಬದ್ಧತೆ ಅಂದುಕೊಂಡು ಔಡಲೆಣ್ಣೆ ಕುಡಿಸುತ್ತಾರೆ. ಗಂಡು ಬೆಕ್ಕು ಉಸುಕಿನ ಗುಂಪಿಯ ಮೇಲೆ ಮತ್ತೆ ಮತ್ತೆ ಕೂತು ತಿಣುಕುತ್ತದೆ, ಒದರುತ್ತದೆ, ಎದ್ದರೆ ನೆಲ ಒಣಗೇ ಇರುತ್ತದೆ. ಅದರ ಮೂತ್ರದ ದಾರಿ ಬಲು ಸಣ್ಣದು, ಹರಳು ಕಟ್ಟಿ ಮುಚ್ಚಿಕೊಂಡಿರುತ್ತದೆ. ಮೂತ್ರ ಒಳಗೇ ನಿಂತು ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಅಂಥ ಬೆಕ್ಕನ್ನು ಕಂಡರೆ ಸಂತೆ ಮುಗಿಯಲಿ, ನಾಳೆ ನೋಡೋಣ ಅನ್ನಬೇಡಿರಿ. ಅದೇ ತಾಸಿನಲ್ಲಿ ಡಾಕ್ಟರ ಹತ್ತಿರ ಒಯ್ಯಿರಿ.